ತಾತನ ಟ್ರಂಕು ಬಿಚ್ಚೋಕೆ ಮುಂಚೆ ಇದನ್ನ ಓದು

ತಮ್ಮಾ, ಅಕ್ಕಾ ಅಂತ ಕರ್ದು ಕೇಳಿದೀಯ, ಅದಕ್ಕೇ ಕೂತು ಉದ್ದಕ್ಕೇ ಬರೀತಿದೀನಿ. ಸೆಪ್ಟೆಂಬರಲ್ಲಿ ಇಂಗ್ಲೆಂಡಿಗೆ ಆರ್ಕೈವ್ಸ್ ಮತ್ತೆ ರೆಕಾರ್ಡ್ಸ್ ಮ್ಯಾನೇಜ್‌ಮೆಂಟ್, ಅಂದ್ರೆ ದಾಖಲೆಗಳನ್ನ ಕಾಪಾಡೋ ವಿದ್ಯೆ, ಅದ್ರಲ್ಲಿ ಎಂ.ಎ. ಓದೋಕೆ ಬರ್ತಿದೀಯ, ಹಳೇ ಕಾಗದ ರಿಪೇರಿ ಮಾಡೋದು ಕಲಿಸ್ತಾರಾ, ಓದಿದ್ಮೇಲೆ ಕೆಲಸ ಸಿಗತ್ತಾ, ಚಳಿ ಎಷ್ಟು, ಮತ್ತೆ ಹೊರಡೋದ್ರೊಳಗೆ ಊರಿನ ಲೆಕ್ಕಪತ್ರ ಬರೆಯೋ ಶಾನುಭೋಗರಾಗಿದ್ದ ನಿಮ್ಮ ತಾತನ ಟ್ರಂಕಿನ ಕಾಗದಗಳನ್ನೆಲ್ಲ ಇಸವಿ ಪ್ರಕಾರ ಜೋಡಿಸಿಬಿಟ್ರೆ ಅನುಭವ ಅಂತ ತೋರಿಸ್ಬಹುದಾ, ಇಷ್ಟು ನಿನ್ನ ಪ್ರಶ್ನೆ. ಕೊನೇದನ್ನ ಓದಿ ಎದೆ ಧಸಕ್ ಅಂತು. ಅದಕ್ಕೆ ಬರ್ತೀನಿ ಇರು.

ಚಳಿ ಅಭ್ಯಾಸ ಆಗತ್ತೆ. ವೀಸಾ ನಿಯಮ ಬದಲಾಗ್ತಾನೇ ಇರತ್ತೆ, ಸರ್ಕಾರದ ವೆಬ್‌ಸೈಟ್ ಬಿಟ್ಟು ಯಾರ ಮಾತನ್ನೂ ನಂಬ್ಬೇಡ, ನನ್ನದನ್ನೂ ಸೇರಿಸಿ.

ರಿಪೇರಿ ವಿಷಯ. ಇಲ್ಲಿ ಆರ್ಕೈವಿಸ್ಟ್ ಬೇರೆ, ಕನ್ಸರ್ವೇಟರ್ ಬೇರೆ. ಹರಿದ ಹಾಳೆಗೆ ಜಪಾನಿ ಟಿಶ್ಯೂ ಅನ್ನೋ ತೆಳ್ಳನೆ ಕಾಗದ ಅಂಟಿಸೋದು, ಶಾಯಿ ತಿಂದುಹಾಕಿರೋ ಕಾಗದ ಉಳಿಸೋದು ಕನ್ಸರ್ವೇಟರ್ ಕೆಲಸ, ಅದಕ್ಕೆ ಬೇರೇನೇ ತರಬೇತಿ. ನೀನು ಕಲಿಯೋದು ಯಾವುದನ್ನ ಉಳಿಸ್ಬೇಕು, ಹೆಂಗೆ ವಿವರಿಸಿ ಕ್ಯಾಟಲಾಗ್ ಮಾಡ್ಬೇಕು, ಎಂಥ ಪೆಟ್ಟಿಗೆ, ಎಂಥ ಕೋಣೆ, ಕಂಪ್ಯೂಟರ್ ಫೈಲುಗಳನ್ನ ಮುಂದಿನವರಿಗೆ ತೆರೆಯೋ ಹಂಗೆ ಇಡೋದು ಹೇಗೆ ಅನ್ನೋದು. ಕೋಣೆ ಅಂದ್ರೆ 13ರಿಂದ 20 ಡಿಗ್ರಿ, ತೇವಾಂಶ ನೂರಕ್ಕೆ 35ರಿಂದ 60ರೊಳಗೆ, ಅದೂ ಏರಿಳಿತ ಇಲ್ದಂಗೆ, ಮೂಲೆಮೂಲೇಲಿ ಹುಳ ಎಣಿಸೋಕೆ ಅಂಟು ಟ್ರ್ಯಾಪ್ ಇಟ್ಟಿರ್ತಾರೆ. ಮೊದಲ ಸಲ ಒಳಗೆ ಹೋದಾಗ ಮನೇಲಿ ಅಟ್ಟದ ಮೇಲೆ ಗೆದ್ದಲು ಹಿಡಿದು ಹೋದ ಓಲೆಗರಿ ಕಟ್ಟುಗಳು ನೆನಪಾಗಿ ಗಂಟಲು ಕಟ್ಟಿತ್ತು. ಬಿಳೀ ಹತ್ತಿ ಗ್ಲೌಸ್ ಹಾಕ್ಕೊಂಡು ಕಾಗದ ಮುಟ್ತಾರೆ ಅನ್ಕೊಂಡಿದ್ರೆ ಮರೆತುಬಿಡು, ಗ್ಲೌಸಲ್ಲಿ ಅಂಚು ಕೈಗೆ ಗೊತ್ತಾಗದೆ ಹರಿಯತ್ತೆ, ತೊಳೆದು ಒಣಗಿಸಿದ ಕೈಯೇ ಮೇಲು. ಫೋಟೋ, ನೆಗೆಟಿವ್‌ಗೆ ಮಾತ್ರ ನೈಟ್ರೈಲ್ ಅನ್ನೋ ರಬ್ಬರಿನಂಥ ಗ್ಲೌಸ್. ಪೆನ್ನು ಒಳಗೆ ಬಿಡಲ್ಲ, ಪೆನ್ಸಿಲ್ ಅಷ್ಟೇ.

ಕೆಲಸ ಸಿಗತ್ತೆ, ಆದ್ರೆ ಶುರುವಿಗೆ ಒಂದು ವರ್ಷ, ಎರಡು ವರ್ಷದ ಕಾಂಟ್ರಾಕ್ಟ್‌ಗಳೇ ಜಾಸ್ತಿ, ಊರೂರು ತಿರುಗೋಕೆ ತಯಾರಾಗಿ ಬಾ.

ಈಗ ಟ್ರಂಕಿನ ವಿಷಯ. ನಾನು 2009ರಲ್ಲಿ ಬಂದಿದ್ದು. ಅದಕ್ಕೆ ಹಿಂದಿನ ವರ್ಷ ಊರಲ್ಲಿ ಗೊತ್ತಿರೋ ಒಂದು ಶಾನುಭೋಗರ ಮನೆಯವರು ಅವರ ಮುತ್ತಾತನ ಕಾಗದಗಳನ್ನ ನಂಬಿ ನನ್ನ ಕೈಗೆ ಕೊಟ್ರು, ಹನ್ನೊಂದು ಗಂಟು, ಕೆಂಪು ಬಟ್ಟೇಲಿ ಸುತ್ತಿ ದಾರ ಕಟ್ಟಿದ್ದು. ಒಂದೊಂದು ಗಂಟಲ್ಲೂ ಎಲ್ಲಾ ಕಲಸುಮೇಲೋಗರ ಅನ್ನಿಸ್ತು, 1889ರ ಅಳತೆ ನಕ್ಷೆ ಪಕ್ಕ 1931ರ ರಸೀದಿ, ನಡುವೆ ಯಾರದೋ ಅರ್ಜಿ. ಎರಡು ತಿಂಗಳು ಧೂಳು ಕುಡಿದು ಎಲ್ಲಾನೂ ಇಸವಿ ಪ್ರಕಾರ ಹೊಸ ಫೋಲ್ಡರಿಗೆ ಹಾಕ್ದೆ, ಬಟ್ಟೆ ಹುಳ ತಿಂದಿತ್ತು ಅಂತ ಸುಟ್ಟುಬಿಟ್ಟೆ. ಮನೆಯವರು ಖುಷಿಪಟ್ರು, ನಂಗೂ ಹೆಮ್ಮೆ.

ಇಲ್ಲಿ ಬಂದು ಮೂರನೇ ವಾರ, ಪ್ರಾಕ್ಟಿಕಲ್ ಕ್ಲಾಸಲ್ಲಿ ಮೇಡಂ ಒಂದು ಪೆಟ್ಟಿಗೆ ಮುಂದಿಟ್ರು, ಒಳಗೆ ಹಂಗೇ ಕಲಸಿದ ಕಾಗದ. ನನ್ನ ಕೈ ತಂತಾನೇ ಇಸವಿ ಹುಡುಕೋಕೆ ಹೋಯ್ತು. ಅವರು ನನ್ನ ಮಣಿಕಟ್ಟಿನ ಮೇಲೆ ಮೆಲ್ಲಗೆ ಕೈ ಇಟ್ಟು, ಜೋಡಿಸ್ಬೇಡ, ಈ ಮನುಷ್ಯ ಯಾಕೆ ಹಿಂಗಿಟ್ಟಿದ್ದಾನೆ ಅಂತ ಮೊದಲು ಬರಿ ಅಂದ್ರು. ಬರೀತಾ ಬರೀತಾ ಗೊತ್ತಾಯ್ತು, ಅದು ಒಂದೇ ಒಂದು ಗೋಡೆ ಜಗಳದ ಕಾಗದಗಳು, ನಲವತ್ತು ವರ್ಷದ್ದು. ಒರಿಜಿನಲ್ ಆರ್ಡರ್ ಅಂತಾರೆ ಇದಕ್ಕೆ, ಇಟ್ಟವರ ಕ್ರಮ ಕೆಡಿಸ್ಬೇಡ ಅಂತ 1898ರಲ್ಲೇ ನೆದರ್ಲೆಂಡ್ಸಿನ ಮೂರು ಜನ ಆರ್ಕೈವಿಸ್ಟ್‌ಗಳು ನಿಯಮ ಮಾಡಿ ಬರೆದಿಟ್ಟಿದ್ದಾರೆ. ಆ ಹನ್ನೊಂದು ಗಂಟು ಹನ್ನೊಂದು ವ್ಯವಹಾರ ಆಗಿತ್ತು ತಮ್ಮಾ. ಬಟ್ಟೆ ಮೇಲೆ ಶಾಯೀಲಿ ಏನೋ ಬರೆದಿತ್ತು, ಮಸುಕಾಗಿದೆ ಅಂತ ನಾನು ಓದಿರಲಿಲ್ಲ. ಮುಂದೆ ಒಂದಿನ ಆ ಮನೆ ಯಜಮಾನರು ಫೋನ್ ಮಾಡಿ, ಕೆರೆ ತೂಬಿನ ನೀರಿನ ಸರದಿ ಬಗ್ಗೆ ಕಾಗದ ಎಲ್ಲಾ ಒಟ್ಟಿಗಿದ್ವಲ್ಲಮ್ಮ ಈಗ ಯಾವ ಫೋಲ್ಡರಲ್ಲಿವೆ ಅಂತ ಕೇಳಿದ್ರು. ಹೇಳೋಕಾಗಲಿಲ್ಲ. ಇವತ್ತಿಗೂ ಆಗಲ್ಲ. ವಂಶಪಾರಂಪರ್ಯದ ಹಳ್ಳಿ ಹುದ್ದೆಗಳನ್ನ ರದ್ದು ಮಾಡೋ 1961ರ ಕಾನೂನು ಬಂದು ಶಾನುಭೋಗಿಕೇನೇ ಹೋಯ್ತು, ಹಂಗೆ ಕಟ್ಟಿಡೋರು ಇನ್ನು ಹುಟ್ಟಲ್ಲ.

ಅದೇ ಕ್ಲಾಸಲ್ಲಿ ಫೈಲ್‌ಗೆ ನಿಮ್ಮ ಭಾಷೇಲಿ ಏನಂತೀರ ಅಂತ ಕೇಳಿದ್ರು. ಕಡತ ಅಂದೆ, ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಮಡಿಸಿ ಬಳಪದಲ್ಲಿ ಬರೀತಿದ್ರು, ಅದರಿಂದ ಬಂದ ಹೆಸರು ಅಂತ ವಿವರಿಸಿದಾಗ ಎಲ್ರೂ ಬರ್ಕೊಂಡ್ರು. ನೀನು ಬರಿಗೈಲಿ ಬರ್ತಿಲ್ಲ, ಇದು ನೆನಪಿರಲಿ.

ನಿಮ್ಮ ತಾತನ ಟ್ರಂಕಲ್ಲಿ ಕಡತ ಸಿಕ್ರೆ ಒದ್ದೆ ಬಟ್ಟೇಲಿ ಒರೆಸ್ಬೇಡ, ಬಳಪದ ಅಕ್ಷರ ಅಳಿಸಿಹೋಗತ್ತೆ. ಗೋಡೆಗೆ ತಾಗದ ಒಣಗಿದ ಜಾಗಕ್ಕೆ, ನೆಲದಿಂದ ಎತ್ತರಕ್ಕೆ ಟ್ರಂಕು ಇಡು. ಮುಚ್ಚಳ ತೆಗೆದ ತಕ್ಷಣ ಮೇಲಿಂದ ಒಂದು ಫೋಟೋ, ಆಮೇಲೆ ಒಂದೊಂದು ಗಂಟು ಎತ್ತಿದಾಗಲೂ ಒಂದು ಫೋಟೋ. ಯಾವ ಗಂಟಿನ ಕೆಳಗೆ ಯಾವುದಿತ್ತು ಅಂತ ಬೇರೆ ನೋಟ್‌ಬುಕ್ಕಲ್ಲಿ ಬರೆದು, ಅದೇ ಕ್ರಮದಲ್ಲಿ ವಾಪಸ್ ಇಡು. ಸೆಲೋಟೇಪ್ ಬೇಡ, ಸ್ಟೇಪ್ಲರ್ ಬೇಡ. ದಾರ ಬಿಗಿಯಾಗಿದ್ರೆ ಕತ್ತರಿ ಹಾಕ್ಬೇಡ, ಹಂಗೇ ಇರಲಿ. ಬಟ್ಟೆ ಮೇಲೆ ಅಕ್ಷರ ಕಂಡ್ರೆ ಎಷ್ಟೇ ಮಸುಕಾಗಿದ್ರೂ ಹತ್ತಿರದಿಂದ ಫೋಟೋ ತೆಗೆದು ನಂಗೆ ಕಳಿಸು, ಓದೋಕೆ ನಾನೂ ಕೂರ್ತೀನಿ.