ನಿಂತ ನೀರಿನ ಊರಿನ ಬಗ್ಗೆ ಬರೆದವರಿಗೆ

ನಮಸ್ಕಾರ,

ಫ್ರಾನ್ಸಿನ ಎಗ್ ಮೋರ್ತ್ ಊರಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಹೆಸರು. ನೀವು ‘ಐಗುಯಿಸ್ ಮಾರ್ಟೆಸ್’ ಎಂದು ಬರೆದಿದ್ದೀರಿ. ಫ್ರೆಂಚ್ ಅಕ್ಷರ ನೋಡಿದರೆ ಹಾಗೇ ಓದಬೇಕು ಅನಿಸುತ್ತದೆ. ಉಚ್ಚಾರಣೆ ಹೆಚ್ಚುಕಡಿಮೆ ‘ಎಗ್ ಮೋರ್ತ್’. ಅಂದರೆ ಸತ್ತ ನೀರು, ಹರಿಯದೆ ನಿಂತುಬಿಟ್ಟ ನೀರು. ಈ ಅರ್ಥ ನಿಮ್ಮ ಏಳನೇ ಪುಟದಲ್ಲಿ, ಅದೂ ಕಂಸದೊಳಗೆ ಬರುತ್ತದೆ. ಅದು ಮೊದಲ ಪುಟದಲ್ಲೇ ಇರಬೇಕಾಗಿತ್ತು. ಊರಿನ ಕತೆಯೆಲ್ಲ ಆ ನೀರಿನಿಂದಲೇ ಹುಟ್ಟಿದ್ದು.

ನನ್ನ ಮುಖ್ಯ ತಕರಾರು ಇಲ್ಲೇ ಇದೆ. ನೀವು ಲೇಖನವನ್ನು ‘ಭೂಗೋಳ’, ‘ಇತಿಹಾಸ’ ಎಂದು ಎರಡು ತುಂಡು ಮಾಡಿದ್ದೀರಿ. ಮೊದಲ ತುಂಡಿನಲ್ಲಿ ರೋನ್ ನದಿ, ಜೌಗು, ಉಪ್ಪು, ಫ್ಲೆಮಿಂಗೊ ಹಕ್ಕಿ. ಎರಡನೆಯದರಲ್ಲಿ ರಾಜರು, ಇಸವಿಗಳು. ಒಂದಕ್ಕೊಂದು ಮಾತೇ ಆಡುವುದಿಲ್ಲ. ಒಂಬತ್ತನೇ ಲೂಯಿ ಅಂಥ ಜೌಗಿನಲ್ಲಿ ಊರು ಕಟ್ಟಿದ್ದು ಯಾಕೆ ಎಂದು ಓದುಗರು ಕೇಳುತ್ತಾರೆ. ನಿಮ್ಮಲ್ಲಿ ಉತ್ತರವಿಲ್ಲ. 1240ರ ದಶಕದಲ್ಲಿ ಫ್ರಾನ್ಸಿನ ದೊರೆಗೆ ಮೆಡಿಟರೇನಿಯನ್ ತೀರದಲ್ಲಿ ತನ್ನದು ಅನ್ನುವ ಒಂದು ಒಳ್ಳೆಯ ಬಂದರು ಇರಲಿಲ್ಲ. ಮಾರ್ಸೇ ಪ್ರೊವಾನ್ಸ್ ಸೀಮೆಗೆ ಸೇರಿತ್ತು. ಮೊಂಪೆಲಿಯೆ ಅರಗೊನ್ ದೊರೆಯ ಕೈಯಲ್ಲಿತ್ತು. ಧರ್ಮಯುದ್ಧಕ್ಕೆ, ಅಂದರೆ ಕ್ರೈಸ್ತರ ಕ್ರುಸೇಡಿಗೆ, ಹಡಗು ಹತ್ತಬೇಕಾದರೆ ಬೇರೆಯವರ ಅಂಗಳದಲ್ಲಿ ನಿಲ್ಲಬೇಕು. ಅದಕ್ಕೇ ಮಠದ ಸನ್ಯಾಸಿಗಳಿಂದ ಈ ಜೌಗು ನೆಲವನ್ನು ಪಡೆದುಕೊಂಡ. ಬರೀ ಮರಳು, ಕೆಸರು, ಉಪ್ಪುನೀರು ಇರುವಲ್ಲಿಗೆ ಸುಮ್ನೆ ಯಾರು ಬರುತ್ತಾರೆ? ಜನರನ್ನು ಕರೆತರಲು 1246ರಲ್ಲಿ ತೆರಿಗೆ ವಿನಾಯಿತಿ ಕೊಟ್ಟ. ಇಷ್ಟು ಹೇಳಿದರೆ ಸಾಕು, ಭೂಗೋಳವೂ ಇತಿಹಾಸವೂ ಒಂದೇ ವಾಕ್ಯದಲ್ಲಿ ಕೂರುತ್ತವೆ.

ಅವನು ಅಲ್ಲಿಂದ ಹೊರಟದ್ದು 1248ರ ಆಗಸ್ಟ್ 25ರಂದು. 1270ರಲ್ಲಿ ಮತ್ತೆ ಅಲ್ಲಿಂದಲೇ ಹೊರಟು ಟ್ಯೂನಿಸ್‌ನಲ್ಲಿ ಕಾಯಿಲೆಯಿಂದ ಸತ್ತ. ಸತ್ತ ದಿನವೂ ಆಗಸ್ಟ್ 25. ನೀವು ಎರಡೂ ತಾರೀಕು ಕೊಟ್ಟಿದ್ದೀರಿ, ಆದರೆ ಬೇರೆ ಬೇರೆ ಪುಟದಲ್ಲಿ. ಪಕ್ಕಪಕ್ಕ ಇಡಿ.

ಒಂದು ದೊಡ್ಡ ತಪ್ಪು ತಿದ್ದಬೇಕು. ‘ಆಗ ಸಮುದ್ರದ ಅಲೆಗಳು ಕೋಟೆಗೋಡೆಗೆ ಬಡಿಯುತ್ತಿದ್ದವು’ ಎಂದು ಬರೆದಿದ್ದೀರಿ. ಎಷ್ಟೋ ಜನ ಹಾಗೇ ನಂಬಿದ್ದಾರೆ. ಆದರೆ ಲೂಯಿಯ ಕಾಲದಲ್ಲೂ ಸಮುದ್ರ ಗೋಡೆಯ ತನಕ ಬರುತ್ತಿರಲಿಲ್ಲ. ನಡುವೆ ಹಿನ್ನೀರಿನ ಕೆರೆಗಳು, ಕಾಲುವೆಗಳು ಇದ್ದವು. ರೋನ್ ನದಿ ತರುವ ಹೂಳು ಆ ದಾರಿಯನ್ನು ಮುಚ್ಚುತ್ತಲೇ ಇತ್ತು, ಜನ ಅಗೆಯುತ್ತಲೇ ಇದ್ದರು. ಹೂಳಿನ ಜೊತೆಗಿನ ಈ ಜಗಳ ನಿಮ್ಮ ಅಲೆಗಳಿಗಿಂತ ಎಷ್ಟೋ ಚೆನ್ನಾಗಿದೆ. 1481ರಲ್ಲಿ ಪ್ರೊವಾನ್ಸ್ ಫ್ರಾನ್ಸಿನ ದೊರೆಯ ಪಾಲಾಯಿತು, ಜೊತೆಗೆ ಮಾರ್ಸೇ ಬಂದರೂ ಬಂತು. ಆಮೇಲೆ ಈ ಕೆಸರಿನ ಬಂದರು ಯಾರಿಗೆ ಬೇಕು? ವ್ಯಾಪಾರ ಹೋಯಿತು, ಊರು ಬೆಳೆಯಲಿಲ್ಲ. ಲೂಯಿಯ ಮಗ ಶುರುಮಾಡಿಸಿದ, ಮೊಮ್ಮಗನ ಕಾಲದಲ್ಲಿ ಮುಗಿದ 1.6 ಕಿಲೋಮೀಟರ್ ಸುತ್ತಳತೆಯ ಗೋಡೆ ಇವತ್ತಿಗೂ ಇಡಿಯಾಗಿ ನಿಂತಿರುವುದಕ್ಕೆ ಅದೂ ಒಂದು ಕಾರಣ ಎಂದು ನನಗನಿಸುತ್ತದೆ. ಬೆಳೆಯುವ ಊರು ತನ್ನ ಗೋಡೆಯನ್ನು ತಾನೇ ಒಡೆಯುತ್ತದೆ.

ಹದಿನೈದನೇ ಶತಮಾನದಲ್ಲಿ ಊರನ್ನು ಹಿಡಿದಿದ್ದ, ಆಮೇಲೆ ಕೊಲ್ಲಲ್ಪಟ್ಟ ಬರ್ಗಂಡಿಯ ಸೈನಿಕರ ಹೆಣಗಳು ಕೊಳೆಯದಿರಲಿ ಎಂದು ಒಂದು ಬುರುಜಿನಲ್ಲಿ ಹಾಕಿ ಉಪ್ಪು ಸುರಿದರು ಎಂಬುದನ್ನು ನಡೆದದ್ದೇ ಎನ್ನುವಂತೆ ಬರೆದಿದ್ದೀರಿ. ಅದು ಜನ ಹೇಳಿಕೊಂಡು ಬಂದ ಕತೆ. ಇರಲಿ, ಆದರೆ ಕತೆ ಎಂದೇ ಹೇಳಿ.

ಮರಿ ಡ್ಯುರಾಂಗೆ ನೀವು ಕೊಟ್ಟಿರುವುದು ಒಂದೂವರೆ ಸಾಲು. ನನಗೆ ಬೇಜಾರಾಯಿತು. ಪ್ರಾಟೆಸ್ಟಂಟ್ ಕುಟುಂಬದ ಹುಡುಗಿ, ಅಣ್ಣ ಪಾದ್ರಿ. ಕ್ಯಾಥೊಲಿಕ್ ಫ್ರಾನ್ಸಿನಲ್ಲಿ ಆಗ ಆ ಪಂಥಕ್ಕೆ ನಿಷೇಧ. 1730ರಲ್ಲಿ ಅವಳನ್ನು ಹಿಡಿದು ಕಾನ್‌ಸ್ಟಾನ್ಸ್ ಬುರುಜಿಗೆ ಹಾಕಿದಾಗ ಇನ್ನೂ 20 ತುಂಬಿರಲಿಲ್ಲ. ಬಿಟ್ಟದ್ದು 1768ರಲ್ಲಿ. 38 ವರ್ಷ! ತನ್ನ ನಂಬಿಕೆ ಬಿಡುತ್ತೇನೆ ಎಂದಿದ್ದರೆ ಹೊರಗೆ ಬರಬಹುದಿತ್ತು. ಹೇಳಲಿಲ್ಲ. ಬುರುಜಿನ ಕಲ್ಲಿನಲ್ಲಿ ಕೊರೆದಿರುವ ‘ಎದುರಿಸು’ ಎಂಬ ಅರ್ಥದ ಒಂದೇ ಪದ ಅವಳದ್ದೇ ಎನ್ನುತ್ತಾರೆ. ಆ ಬುರುಜಿನ ಗೋಡೆ 6 ಮೀಟರ್ ದಪ್ಪ ಎಂದು ಇನ್ನೆಲ್ಲೋ ಬರೆದಿದ್ದೀರಿ. ಆ ಅಂಕಿ ಅವಳ ಪಕ್ಕದಲ್ಲಿ ಇರಬೇಕು. ಸುತ್ತ ಜೌಗಿನ ತೇವ, ಸೊಳ್ಳೆ, ಒಳಗೆ ಅಷ್ಟು ದಪ್ಪ ಕಲ್ಲು. ಆಗ ಓದುವವರಿಗೆ 38 ವರ್ಷ ಎಷ್ಟು ಎಂದು ತಿಳಿಯುತ್ತದೆ.

ಇನ್ನು ಉಪ್ಪು. ‘ಸಾಲ್ಟ್ ಪ್ಯಾನ್’ ಯಾಕೆ? ನಮ್ಮಲ್ಲಿ ‘ಉಪ್ಪಿನ ಆಗರ’ ಎಂಬ ಮಾತಿದೆ, ಉತ್ತರ ಕನ್ನಡದ ಸಾಣಿಕಟ್ಟಾದಲ್ಲಿ ಆಗರಗಳೇ ಇವೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುವುದಕ್ಕೆ ಉಪ್ಪುನೀರಿನಲ್ಲಿ ಬೆಳೆಯುವ ಸಣ್ಣ ಪಾಚಿ ಕಾರಣ ಎಂದು ಸರಿಯಾಗಿ ಹೇಳಿದ್ದೀರಿ. ಫೋಟೋ ತೆಗೆಯುವ ಜಾಗಗಳ ಬಗ್ಗೆ ಎರಡು ಪ್ಯಾರಾ ಜಾಸ್ತಿಯಾಯಿತು.

ಆದರೆ ‘ಉಪ್ಪು ಎತ್ತಲು ಬೇರೆ ಕಡೆಯಿಂದಲೂ ಕೂಲಿಯವರು ಬರುತ್ತಿದ್ದರು’ ಎಂದು ಹೇಳಿ ಮುಂದೆ ಹೋಗಿದ್ದೀರಿ. ಅಲ್ಲಿ ನಿಲ್ಲಬೇಕಾಗಿತ್ತು. 1893ರ ಬೇಸಿಗೆಯಲ್ಲಿ ಎಲ್ಲೆಲ್ಲೂ ಕೆಲಸ ಕಡಿಮೆ. ಆಗರದಲ್ಲಿ ಫ್ರೆಂಚರನ್ನೂ ಇಟಲಿಯವರನ್ನೂ ಒಟ್ಟಿಗೆ ಕೆಲಸಕ್ಕೆ ಹಾಕಿದ್ದರು. ಎತ್ತಿದ ಉಪ್ಪಿನ ಲೆಕ್ಕದಲ್ಲಿ ಕೂಲಿ. ನುರಿತ ಇಟಲಿಯವರ ವೇಗಕ್ಕೆ ಉಳಿದವರು ಸಾಟಿಯಾಗಲಿಲ್ಲ, ಮಾತಿಗೆ ಮಾತು ಬೆಳೆಯಿತು. ಇಟಲಿಯವರು ಊರಿನವರನ್ನು ಕೊಂದರು ಎಂಬ ಸುಳ್ಳು ಸುದ್ದಿ ಹಬ್ಬಿತು. ಆಗಸ್ಟ್ 16 ಮತ್ತು 17ರಂದು ಗುಂಪು ಅವರನ್ನು ಬೆನ್ನಟ್ಟಿ ಹೊಡೆಯಿತು. ಕೆಲವರು ಒಂದು ಬೇಕರಿಯೊಳಗೆ ಹೊಕ್ಕು ಪ್ರಾಣ ಉಳಿಸಿಕೊಂಡರು. ಸರ್ಕಾರಿ ಲೆಕ್ಕದಲ್ಲೇ 8 ಇಟಲಿಯವರು ಸತ್ತರು. ವರ್ಷದ ಕೊನೆಗೆ ಕೋರ್ಟು ಆರೋಪಿಗಳೆಲ್ಲರನ್ನೂ ಬಿಟ್ಟಿತು. ಓದುಗರಿಗೆ ಊರು ಇಷ್ಟವಾಗಲಿ ಎಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಇದನ್ನು ಬಿಟ್ಟು ಉಪ್ಪಿನ ಬಗ್ಗೆ ಬರೆದರೆ, ಉಪ್ಪು ಹೊತ್ತವರಿಗೆ ಅನ್ಯಾಯ ಮಾಡಿದಂತೆ.

ದ್ರಾಕ್ಷಿ ತೋಟದ ಭಾಗ ಚೆನ್ನಾಗಿದೆ, ಮುಟ್ಟಬೇಡಿ. ಫ್ರಾನ್ಸಿನ ಬಳ್ಳಿಗಳ ಬೇರು ತಿಂದ ಫಿಲಾಕ್ಸೆರಾ ಹುಳು ಮರಳಿನಲ್ಲಿ ಬದುಕದು, ಅದರಿಂದ ಇಲ್ಲಿಯ ಬಳ್ಳಿಗಳು ಉಳಿದವು ಎಂಬುದನ್ನು ನಾಲ್ಕೇ ವಾಕ್ಯದಲ್ಲಿ ಹೇಳಿದ್ದೀರಿ. ಇಡೀ ಲೇಖನ ಹೀಗೇ ಇರಲಿ.

‘ಪ್ರಪಂಚದಲ್ಲಿ ಅನೇಕ ಸುಂದರ ಊರುಗಳಿವೆ’ ಎಂಬ ಮೊದಲ ಪುಟ ಪೂರ್ತಿ ತೆಗೆಯಿರಿ. ಹನ್ನೊಂದನೇ ಪುಟದಲ್ಲಿ ನೀವು ಕೋಟೆಗೋಡೆಯ ಮೇಲೆ ನಡೆಯುತ್ತಿದ್ದೀರಿ. ಒಂದು ಕಡೆ ದೂರದಲ್ಲಿ ಉಪ್ಪಿನ ಬಿಳಿ ಗುಡ್ಡ. ಇನ್ನೊಂದು ಕಡೆ, ಕೆಳಗೆ ಹಿತ್ತಲಿನಲ್ಲಿ, ಒಬ್ಬ ವಯಸ್ಸಾದ ಹೆಂಗಸು ಬಟ್ಟೆ ಒಣಹಾಕುತ್ತಾ ತಲೆಯೆತ್ತಿ ನಿಮ್ಮನ್ನು ನೋಡುತ್ತಾರೆ. ಅಲ್ಲಿಂದ ಶುರುಮಾಡಿ. ಈಗಿರುವುದರ ಅರ್ಧಕ್ಕೆ ಇಳಿಸಿ, ತಿಂಗಳೊಳಗೆ ಕಳಿಸಿ. ಮತ್ತೆ, ಆ ಅಜ್ಜಿ ನಿಮಗೆ ಏನಾದರೂ ಹೇಳಿದರಾ? ಹೇಳಿದ್ದರೆ ಅದನ್ನೂ ಬರೆಯಿರಿ.