ಉಳಿದ ಮಾತ್ರೆ ಮೆಡಿಕಲ್‌ನವರು ವಾಪಸ್ ತಗೊಳ್ಳದಿದ್ದರೆ

ನಿಮ್ಮ ತಂದೆಯವರ ಮಾತ್ರೆ, ಸಿರಪ್, ಇನ್ಸುಲಿನ್ ಸೂಜಿ ಮನೆಯಲ್ಲಿ ಉಳಿದಿವೆ, ಏನು ಮಾಡಲಿ ಅಂತ ಕಲಬುರಗಿಯಿಂದ ಕೇಳಿದ್ದೀರಿ. ಮಾತ್ರೆಗಳನ್ನು ಮೆಡಿಕಲ್‌ನವರು ಬೇಡ ಅಂದಿದ್ದಕ್ಕೆ ಬಹುಶಃ ಕತ್ತರಿಸಿದ ಸ್ಟ್ರಿಪ್, ಬಿಲ್ ಇಲ್ಲದಿರುವುದೇ ಕಾರಣ. ಬಿಲ್ ಸಿಕ್ಕರೆ, ಅವಧಿ ಮುಗಿಯದ ಪೂರ್ತಿ ಸ್ಟ್ರಿಪ್‌ಗಳನ್ನು ಮಾತ್ರ ಇನ್ನೊಮ್ಮೆ ಕೇಳಿ ನೋಡಿ. ಕೆಲವರು ತಗೊಳ್ಳುತ್ತಾರೆ, ಖಾತ್ರಿ ಇಲ್ಲ.

ಮಿಕ್ಕಿದ್ದನ್ನು ಚರಂಡಿಗೆ ಸುರಿಯಬೇಡಿ. ಆ ನೀರು ಕೊನೆಗೆ ಹೊಳೆಗೇ ಹೋಗುತ್ತದೆ, ಕಲಬುರಗಿ ಕುಡಿಯುವುದೂ ಭೀಮಾ ನೀರೇ ಅಲ್ವಾ. ಸುಡಲೂಬೇಡಿ.

ಮೊದಲು ಇನ್ಸುಲಿನ್ ಸೂಜಿಗಳನ್ನು ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಟೇಪ್ ಸುತ್ತಿ. ಆಮೇಲೆ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ, ಪುಡಿ ಮಾಡದೆ, ಸೋಸಿದ ಚಹಾಪುಡಿ ಅಥವಾ ಮಣ್ಣಿನಲ್ಲಿ ಕಲಸಿ. ಸಿರಪ್ ಕೂಡ ಅದಕ್ಕೇ ಸುರಿಯಿರಿ. ಮಕ್ಕಳು, ನಾಯಿ, ಕಸ ಆಯುವವರು ಬಾಯಿಗೆ ಹಾಕಬಾರದು, ಅಷ್ಟೇ ಉದ್ದೇಶ. ಕಲಸಿದ್ದನ್ನು ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ ‘ಹಳೇ ಔಷಧಿ’ ಅಂತ ಬರೆದು, ಸೂಜಿ ಡಬ್ಬಿಯ ಜೊತೆ ಪಾಲಿಕೆಯ ಕಸದ ಗಾಡಿಯವರಿಗೆ ಹೇಳಿ ಬೇರೆಯಾಗಿ ಕೊಡಿ. 2016ರ ಘನತ್ಯಾಜ್ಯ ನಿಯಮದಲ್ಲೇ ಇದನ್ನು ಮನೆಯ ಅಪಾಯಕಾರಿ ಕಸ ಅಂತ ಗುರುತಿಸಲಾಗಿತ್ತು.

ನೋವಿಗೆ ಬರೆದುಕೊಟ್ಟ ಟ್ರಮಡಾಲ್ ಮಾತ್ರ ಬೇರೆ ಲೆಕ್ಕ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಫ್ಲಶ್ ಮಾಡಿ ಅಂತ ಕೊಟ್ಟ 17 ಔಷಧಿಗಳ ಪಟ್ಟಿಯಲ್ಲಿ ಅದೂ ಇದೆ. ಬೇರೆಯವರು ನುಂಗಿದರೆ ಜೀವಕ್ಕೇ ಅಪಾಯ, ಹಾಗಾಗಿ ಟಾಯ್ಲೆಟ್‌ನಲ್ಲೇ ಫ್ಲಶ್ ಮಾಡಿ.