ಟಿವಿ ನಿರೂಪಕ ಜಾನಿ ಕಾರ್ಸನ್ ಅವರ ಶೋ ಮುಗಿದು ಇಷ್ಟು ವರ್ಷವಾದರೂ ಅಮೆರಿಕದ ಹಿರಿಯರು ಯಾಕೆ ಅವರನ್ನು ಇನ್ನೂ ನೆನೆಯುತ್ತಾರೆ?

ಮೊದಲನೆಯದಾಗಿ, ಆಗ ರಾತ್ರಿ ಹನ್ನೊಂದೂವರೆಗೆ ನೋಡೋಕೆ ಜಾಸ್ತಿ ಆಯ್ಕೆ ಇರಲಿಲ್ಲ. ದೊಡ್ಡ ಚಾನೆಲ್‌ಗಳು ಮೂರೇ. 1962ರಿಂದ 1992ರವರೆಗೆ ಎನ್‌ಬಿಸಿ ಚಾನೆಲ್‌ನಲ್ಲಿ ‘ದಿ ಟುನೈಟ್ ಶೋ’ ಅನ್ನೋ ಹಾಸ್ಯ, ಹರಟೆಯ ಕಾರ್ಯಕ್ರಮ ನಡೆಸಿಕೊಟ್ಟವರು ಕಾರ್ಸನ್. ರಾತ್ರಿಯ ಜೋಕು ಬೆಳಿಗ್ಗೆ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಇರುತ್ತಿತ್ತು.

ಆದರೆ ನನ್ನ ಪ್ರಕಾರ ಅವರ ಅಸಲಿ ಕೈಚಳಕ ಕಾಣುತ್ತಿದ್ದುದು ಜೋಕು ಠುಸ್ ಆದಾಗ. ‘ಕಾರ್ನ್ಯಾಕ್’ ಅನ್ನೋ ಭವಿಷ್ಯಗಾರನ ವೇಷದಲ್ಲಿ ದೊಡ್ಡ ರುಮಾಲು ಸುತ್ತಿಕೊಂಡು ಬರುತ್ತಿದ್ದರು. ಮುಚ್ಚಿದ ಲಕೋಟೆಯನ್ನು ಹಣೆಗೆ ಒತ್ತಿ ಮೊದಲು ಉತ್ತರ ಹೇಳುವುದು. ಆಮೇಲೆ ಲಕೋಟೆ ಹರಿದು, ಒಳಗೆ ಉಫ್ ಅಂತ ಊದಿ, ಪ್ರಶ್ನೆ ಓದುವುದು. ಯಾರೂ ನಗದಿದ್ದರೆ ಪ್ರೇಕ್ಷಕರಿಗೇ ಶಾಪ! ಎಷ್ಟೋ ಸಲ ಜೋಕಿಗಿಂತ ಶಾಪಕ್ಕೇ ನಗು ಜಾಸ್ತಿ.

ಹೊಸ ಹಾಸ್ಯಗಾರರಿಗೆ ಈ ಶೋ ಒಂದು ಪರೀಕ್ಷೆ. ಜೋಕು ಹೇಳಿ ಮುಗಿಸಿದ ಮೇಲೆ ಕಾರ್ಸನ್ ಮಾತಾಡಲು ತಮ್ಮ ಪಕ್ಕದ ಸೋಫಾಗೆ ಕರೆದರೆ ದೆಸೆ ತಿರುಗಿತು ಅಂತಲೇ ಲೆಕ್ಕ. 1973ರಲ್ಲಿ ಫ್ರೆಡಿ ಪ್ರಿಂಜ್, 1986ರಲ್ಲಿ ಎಲೆನ್ ಡಿಜೆನೆರಸ್ ಹಾಗೆ ಕರೆಸಿಕೊಂಡವರು. ಹೆಂಗಸರಿಗೆ ಆ ಅವಕಾಶ ಕಡಿಮೆಯೇ ಇತ್ತು. ಹಳೇ ನೆನಪಿನ ಖುಷಿಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ, ಅಲ್ವಾ?